ಸದ್ದು ನಿಲ್ಲುವ ಜಾಗ

ಮೆಟಲ್ ಡಿಟೆಕ್ಟರ್ ಒಂದು ಸಲ ಕುಂಯ್ ಅಂದರೆ ಸಾಕು, ಇನ್ನು ಅಗೆಯುವುದೊಂದೇ ಬಾಕಿ ಎಂದು ಬಹಳ ಜನ ಅಂದುಕೊಂಡಿದ್ದಾರೆ. ನಿಜವಾಗಿ ಕೆಲಸ ಶುರುವಾಗುವುದೇ ಆಗ. ಆ ಸದ್ದು ಹೇಳುವುದು ಇಷ್ಟೇ: ಇಲ್ಲೆಲ್ಲೋ ಲೋಹ ಇದೆ. ಇಲ್ಲೆಲ್ಲೋ ಅಂದರೆ ಎಲ್ಲಿ? ನನ್ನ ಯಂತ್ರದ ಕಾಯಿಲ್, ಅಂದರೆ ನೆಲದ ಮೇಲೆ ಬೀಸುವ ತಟ್ಟೆ, 28 ಸೆಂಟಿಮೀಟರ್ ಅಗಲ ಇದೆ. ನಾನು ಹುಡುಕುವ ಹಳೆಯ ಬೆಳ್ಳಿ ಪೆನ್ನಿ ನಾಣ್ಯದ ಅಗಲ 18 ಮಿಲಿಮೀಟರ್. ಅಷ್ಟು ದೊಡ್ಡ ಕಾಯಿಲ್ ಕೆಳಗೆ, ಒಂದು ಗೇಣು ಆಳದಲ್ಲಿ, ಆ ಪುಟ್ಟ ಬಿಲ್ಲೆ ಯಾವ ಮೂಲೆಯಲ್ಲಿ ಕೂತಿದೆ ಎಂದು ಮಣ್ಣು ಮುಟ್ಟುವ ಮೊದಲೇ ಹೇಳಬೇಕು. ಈ ಹವ್ಯಾಸದವರು ಇದನ್ನು ಪಿನ್‌ಪಾಯಿಂಟ್ ಮಾಡುವುದು ಅಂತಾರೆ. ಇಡೀ ಹವ್ಯಾಸದಲ್ಲಿ ನನಗೆ ತುಂಬ ಇಷ್ಟವಾದ ಭಾಗ ಇದೇ.

ನಾನಿರುವುದು ಇಂಗ್ಲೆಂಡಿನ ಪೂರ್ವ ಭಾಗದ ಸಫೋಕ್ ಕೌಂಟಿಯಲ್ಲಿ. ಇಲ್ಲಿ ಡಿಟೆಕ್ಟರ್ ಹಿಡಿದು ಹೊಲ ಸುತ್ತುವವರು ಊರಿಗೊಬ್ಬರಾದರೂ ಸಿಗುತ್ತಾರೆ. ಗೋಧಿ ಕಟಾವಾಗಿ ಮತ್ತೆ ಬಿತ್ತನೆಯಾಗುವ ತನಕದ ದಿನಗಳು ಇದಕ್ಕೆ ಹೇಳಿಮಾಡಿಸಿದ ಕಾಲ. ಹೊಲದ ಒಡೆಯರು ಒಪ್ಪದೆ ಕಾಲಿಡುವಂತಿಲ್ಲ. ಸಂರಕ್ಷಿತ ಸ್ಮಾರಕಗಳ ಜಾಗದಲ್ಲಂತೂ ಅನುಮತಿ ಇಲ್ಲದೆ ಡಿಟೆಕ್ಟರ್ ಬಳಸಿದರೆ 1979ರ ಕಾಯ್ದೆಯ ಪ್ರಕಾರ ಅದೇ ಒಂದು ಅಪರಾಧ. ನನಗೆ ಒಂದು ರೈತ ಕುಟುಂಬ ತಮ್ಮ ಹೊಲಗಳಲ್ಲಿ ಓಡಾಡಲು ಬಿಟ್ಟಿದೆ. ಜಿಗುಟು ಜೇಡಿಮಣ್ಣು, ನಡುನಡುವೆ ಚಕಮಕಿ ಕಲ್ಲು. ಮಳೆ ಬಂದ ಮರುದಿನ ಬೂಟಿಗೆ ಅಂಟಿದ ಮಣ್ಣಿನಿಂದಲೇ ಕಾಲು ಎತ್ತಲಾಗುವುದಿಲ್ಲ.

ಸಿಗುವುದರಲ್ಲಿ ಜಾಸ್ತಿ ಪಾಲು ಕಸವೇ. ಬಂದೂಕಿನ ತೋಟಾದ ಹಿತ್ತಾಳೆ ತಳ, ಟ್ರ್ಯಾಕ್ಟರಿನ ಬೋಲ್ಟು, ಡಬ್ಬಿಯ ಚೂರು, ಕಾಗದದ ಹಾಗೆ ಮುದುಡಿದ ಅಲ್ಯೂಮಿನಿಯಂ. ಆಮೇಲೆ ಕೋಟಿನ ಗುಂಡಿಗಳು, ಸೀಸದ ಗುಂಡುಗಳು, ಬೆಲ್ಟಿನ ಬಕಲ್‌ಗಳು. ಯಾವಾಗಲೋ ಒಮ್ಮೆ ಒಂದು ನಾಣ್ಯ. ಯಾವುದು ಎಂದು ಮೊದಲೇ ಖಚಿತವಾಗಿ ತಿಳಿಯುವುದಿಲ್ಲ. ಹಾಗಾಗಿ ಪ್ರತಿಯೊಂದನ್ನೂ ನಾಣ್ಯ ಎಂದೇ ತಿಳಿದು ಜಾಗ ಗುರುತಿಸಬೇಕು.

ಯಾಕಿಷ್ಟು ತಲೆಕೆಡಿಸಿಕೊಳ್ಳಬೇಕು, ದೊಡ್ಡದೊಂದು ಗುಂಡಿ ತೆಗೆದರೆ ಆಯಿತಲ್ವಾ? ಆಗುವುದಿಲ್ಲ. ಹುಲ್ಲುಗಾವಲಿನಲ್ಲಿ ದೊಡ್ಡ ಗುಂಡಿ ತೆಗೆದರೆ ಬೇರು ತುಂಡಾಗಿ ಹುಲ್ಲು ಒಣಗುತ್ತದೆ. ಸಡಿಲವಾಗಿ ಮುಚ್ಚಿದ ಗುಂಡಿಗೆ ಕುರಿ ಕಾಲು ಸಿಕ್ಕಿಸಿಕೊಳ್ಳಬಹುದು. ನೆಲ ನಮ್ಮದಲ್ಲ, ಅವರು ನಂಬಿ ಬಿಟ್ಟಿದ್ದಾರೆ. ಇನ್ನೊಂದು ಕಾರಣ ಆ ವಸ್ತುವಿನದೇ. ಮಧ್ಯಯುಗದ ಬೆಳ್ಳಿ ಪೆನ್ನಿ ಒಂದೂವರೆ ಗ್ರಾಂ ಕೂಡ ತೂಗುವುದಿಲ್ಲ. ಒಂದು ಮಿಲಿಮೀಟರ್‌ಗಿಂತ ತೆಳು. ಏಳುನೂರು ವರ್ಷ ಮಣ್ಣಿನಲ್ಲಿ ಉಳಿದು, ನೇಗಿಲಿನಿಂದಲೂ ತಪ್ಪಿಸಿಕೊಂಡದ್ದು ನಮ್ಮ ಸನಿಕೆಯ ಒಂದೇ ಏಟಿಗೆ ಎರಡು ತುಂಡಾಗಬಹುದು. ಜಾಗ ಎಷ್ಟು ನಿಖರವಾಗಿ ಗೊತ್ತಿದೆಯೋ ಸನಿಕೆ ಅಷ್ಟು ಧೈರ್ಯವಾಗಿ ಅದರಿಂದ ದೂರ ಊರಬಹುದು.

ಯಂತ್ರ ಕೆಲಸ ಮಾಡುವ ರೀತಿ ತಿಳಿದರೆ ಉಳಿದದ್ದೆಲ್ಲ ಸುಲಭ. ಕಾಯಿಲ್ ಒಳಗೆ ತಂತಿಯ ಸುರುಳಿಗಳಿವೆ. ಒಂದು ಸುರುಳಿಯಲ್ಲಿ ಸೆಕೆಂಡಿಗೆ ಸಾವಿರಾರು ಸಲ ದಿಕ್ಕು ಬದಲಿಸುವ ವಿದ್ಯುತ್ ಹರಿಯುತ್ತದೆ. ಅದರಿಂದ ಹುಟ್ಟಿದ ಕಾಂತಕ್ಷೇತ್ರ ಮಣ್ಣಿಗಿಳಿಯುತ್ತದೆ. ದಾರಿಯಲ್ಲಿ ಲೋಹ ಸಿಕ್ಕರೆ ಅದರ ಮೈಯಲ್ಲಿ ಸಣ್ಣ ಸುಳಿ ಪ್ರವಾಹ ಏಳುತ್ತದೆ. ಆ ಸುಳಿಗೂ ತನ್ನದೇ ಒಂದು ಕಾಂತಕ್ಷೇತ್ರ ಇರುತ್ತದೆ. ಇನ್ನೊಂದು ಸುರುಳಿ ಅದನ್ನು ಹಿಡಿದು ಸದ್ದು ಮಾಡುತ್ತದೆ. ಹೋಗುವಾಗ ಕ್ಷೇತ್ರ ದೂರದ ಘನಕ್ಕೆ ತಕ್ಕಂತೆ ಕುಗ್ಗುತ್ತದೆ. ಬರುವಾಗಲೂ ಅದೇ ಲೆಕ್ಕ. ಎರಡೂ ಸೇರಿ, ಸಣ್ಣ ವಸ್ತು ಕಾಯಿಲ್‌ನಿಂದ ಸಾಕಷ್ಟು ಆಳದಲ್ಲಿದ್ದರೆ, ಆಳ ಎರಡು ಪಟ್ಟಾದಾಗ ಸಂಕೇತ 64ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಒಂದು ಗೇಣು ಆಳದ ನಾಣ್ಯ ಕೇಳಿಸುವುದೇ ಒಂದು ದೊಡ್ಡ ವಿಷಯ.

ಕಾಯಿಲ್‌ಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು ಕಾನ್ಸೆಂಟ್ರಿಕ್. ದೊಡ್ಡ ಸುರುಳಿಯ ಒಳಗೆ ಸಣ್ಣ ಸುರುಳಿ. ಇದರ ಕ್ಷೇತ್ರ ಕೆಳಗೆ ಹೋದಂತೆ ಚೂಪಾಗುತ್ತದೆ. ನಡುಮಧ್ಯದಲ್ಲಿ ಸದ್ದು ಜೋರು. ಜಾಗ ಹೇಳುವುದು ಸುಲಭ, ಆದರೆ ಕಬ್ಬಿಣದ ಅಂಶ ಜಾಸ್ತಿ ಇರುವ ನೆಲದಲ್ಲಿ ಒದ್ದಾಡುತ್ತದೆ. ನಮ್ಮ ಕರಾವಳಿಯ ಮುರಕಲ್ಲಿನಂಥ ನೆಲ ಇದಕ್ಕೆ ಬಹಳ ಕಷ್ಟ. ಇನ್ನೊಂದು ಡಬಲ್ ಡಿ. ಇಂಗ್ಲಿಷಿನ ಡಿ ಅಕ್ಷರದ ಆಕಾರದ ಎರಡು ಸುರುಳಿಗಳು ಬೆನ್ನಿಗೆ ಬೆನ್ನು ಹಚ್ಚಿ ಒಂದರ ಮೇಲೊಂದು ಸ್ವಲ್ಪ ಹತ್ತಿಕೊಂಡಿರುತ್ತವೆ. ಆ ಹತ್ತಿಕೊಂಡ ಪಟ್ಟಿಯ ಕೆಳಗೆ ಮಾತ್ರ ಕ್ಷೇತ್ರ ಗಟ್ಟಿ. ಈಳಿಗೆಮಣೆಯ ಅಲಗನ್ನು ತಲೆಕೆಳಗಾಗಿ ಹಿಡಿದ ಹಾಗೆ, ಕಾಯಿಲ್‌ನ ಮೂತಿಯಿಂದ ಹಿಮ್ಮಡಿಯ ತನಕ ಉದ್ದಕ್ಕೆ ಒಂದು ತೆಳುವಾದ ಗೆರೆ. ಈಗ ಮಾರುವ ಯಂತ್ರಗಳಲ್ಲಿ ಹೆಚ್ಚಿನವು ಈ ಬಗೆಯ ಕಾಯಿಲ್‌ನೊಂದಿಗೇ ಬರುತ್ತವೆ. ನನ್ನದೂ ಅದೇ.

ಇದರಲ್ಲಿ ಒಂದು ತೊಡಕಿದೆ. ಎಡದಿಂದ ಬಲಕ್ಕೆ ಬೀಸಿದಾಗ ವಸ್ತು ಎಡಕ್ಕಿದೆಯೋ ಬಲಕ್ಕಿದೆಯೋ ಎಂದು ಬಹಳ ಚೆನ್ನಾಗಿ ಹೇಳುತ್ತದೆ. ಮುಂದಿದೆಯೋ ಹಿಂದಿದೆಯೋ ಎಂದು ಹೇಳುವುದೇ ಇಲ್ಲ. ಅಲಗಿನ ಉದ್ದಕ್ಕೆ ಎಲ್ಲಿದ್ದರೂ ಅದೇ ಸದ್ದು. ಹಾಗಾಗಿ ಕೈಯಲ್ಲಿ ಬೀಸಿದರೆ ಸಾಲದು, ಕಾಲೂ ನಡೆಯಬೇಕು. ಒಂದು ದಿಕ್ಕಿನಲ್ಲಿ ಬೀಸಿ, ಸದ್ದಿನ ನಡುವನ್ನು ನೆಲದ ಮೇಲೆ ಒಂದು ಗೆರೆಯಾಗಿ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಕಟಾವಾದ ಗೋಧಿಯ ಒಂದು ಕೂಳೆ, ಒಂದು ಕಲ್ಲು, ಏನಾದರೂ ಗುರುತು ಹಿಡಿದರೆ ಸಾಕು. ಆಮೇಲೆ ಕಾಲು ಭಾಗ ಸುತ್ತು ಹಾಕಿ ಪಕ್ಕಕ್ಕೆ ಹೋಗಿ, ಮೊದಲಿನದಕ್ಕೆ ಅಡ್ಡವಾಗಿ ಮತ್ತೆ ಬೀಸಬೇಕು. ಎರಡು ಗೆರೆ ಕೂಡುವಲ್ಲಿ ವಸ್ತು ಇದೆ. ಬೀಸು ಸಣ್ಣದಾದಷ್ಟೂ ಒಳ್ಳೆಯದು. ಮೊದಲು ಒಂದು ಮೀಟರ್ ಇದ್ದದ್ದು ಕೊನೆಗೆ ಒಂದು ಗೇಣಿಗೆ ಇಳಿಯಬೇಕು.

ಹೊಸಬರಿಗೆ ಹೇಳಿಕೊಡುವಾಗ ನಾನು ಒಂದು ಮಾತನ್ನು ಪದೇಪದೇ ಹೇಳುತ್ತೇನೆ. ಸದ್ದು ಎಲ್ಲಿ ಜೋರಾಗಿದೆ ಎಂದು ಹುಡುಕಬೇಡಿ, ಎಲ್ಲಿ ನಿಲ್ಲುತ್ತದೆ ಎಂದು ಹುಡುಕಿ. ಇದು ಸುಮ್ನೆ ಚಮತ್ಕಾರಕ್ಕೆ ಹೇಳುವುದಲ್ಲ. ಸದ್ದಿನ ಏರಿಳಿತವನ್ನು ಕಾಗದದ ಮೇಲೆ ಗ್ರಾಫ್ ಆಗಿ ಬರೆದು ನೋಡಿ. ನಡುವೆ ಗೆರೆ ಹೆಚ್ಚುಕಮ್ಮಿ ಚಪ್ಪಟೆ. ಅಲ್ಲಿ ಕಾಯಿಲ್ ಮೂರು ಸೆಂಟಿಮೀಟರ್ ಅತ್ತಿತ್ತ ಸರಿದರೂ ಸದ್ದಿನಲ್ಲಿ ವ್ಯತ್ಯಾಸ ಗೊತ್ತಾಗುವುದಿಲ್ಲ. ಎರಡೂ ಅಂಚಿನಲ್ಲಿ ಗೆರೆ ಕಡಿದಾಗಿ ಇಳಿಯುತ್ತದೆ. ಅಲ್ಲಿ ಒಂದು ಸೆಂಟಿಮೀಟರ್ ಸರಿದರೂ ಇದ್ದ ಸದ್ದು ಇಲ್ಲವಾಗುತ್ತದೆ. ಕಿವಿಗೆ ಇದ್ದದ್ದು ಇಲ್ಲವಾದದ್ದು ತಿಳಿಯುವಷ್ಟು ಚೆನ್ನಾಗಿ ಜೋರು ಮತ್ತು ಸ್ವಲ್ಪ ಜೋರು ತಿಳಿಯುವುದಿಲ್ಲ. ಮೇಲಾಗಿ ಎಷ್ಟೋ ಯಂತ್ರಗಳು ಆಳದ ಸಣ್ಣ ಸದ್ದನ್ನು ತಾವೇ ಹಿಗ್ಗಿಸಿ ಕೊಡುತ್ತವೆ. ಆಗ ಜೋರಿನ ಲೆಕ್ಕವೇ ಅಳಿಸಿಹೋಗುತ್ತದೆ. ಎಡಕ್ಕೆ ಎಲ್ಲಿ ನಿಂತಿತು, ಬಲಕ್ಕೆ ಎಲ್ಲಿ ನಿಂತಿತು ಎಂದು ನೋಡಿ ಅವೆರಡರ ಮಧ್ಯ ಹಿಡಿದರೆ ಜಾಗ ತಾನಾಗಿ ಸಿಗುತ್ತದೆ. ಎರಡೂ ದಿಕ್ಕಿನಿಂದ ಬೀಸುವುದು ಮುಖ್ಯ. ಕೆಲವು ಯಂತ್ರಗಳಲ್ಲಿ ಸದ್ದು ಒಂದು ಚೂರು ತಡವಾಗಿ ಬರುತ್ತದೆ. ಒಂದೇ ಕಡೆಯಿಂದ ಕೇಳಿದರೆ ವಸ್ತು ಇರುವುದಕ್ಕಿಂತ ಮುಂದಕ್ಕೆ ಇದೆ ಅನ್ನಿಸುತ್ತದೆ.

ಡಬಲ್ ಡಿ ಕಾಯಿಲ್ ಇರುವವರು ಮಾಡುವ ಇನ್ನೊಂದು ವಿಧಾನ ಇದಕ್ಕಿಂತ ಚೆಂದ. ಸದ್ದು ಕೇಳುವ ಜಾಗದ ಮೇಲೆ ಕಾಯಿಲ್ ಇಟ್ಟು, ಎಡಕ್ಕೆ ಬಲಕ್ಕೆ ಚಿಕ್ಕದಾಗಿ ಅಲ್ಲಾಡಿಸುತ್ತಾ ನಿಧಾನವಾಗಿ ನಿಮ್ಮ ಕಡೆಗೆ ಎಳೆದುಕೊಳ್ಳಿ. ಟಿಕ್ ಟಿಕ್ ಎಂದು ಸದ್ದು ಬರುತ್ತಲೇ ಇರುತ್ತದೆ. ಅಲಗು ಇನ್ನೂ ವಸ್ತುವಿನ ಮೇಲಿದೆ ಎಂದರ್ಥ. ಎಳೆಯುತ್ತಾ ಬನ್ನಿ. ಒಂದು ಕ್ಷಣದಲ್ಲಿ ಸದ್ದು ಥಟ್ಟನೆ ನಿಲ್ಲುತ್ತದೆ. ಅಲಗಿನ ಮುಂದಿನ ತುದಿ ವಸ್ತುವನ್ನು ದಾಟಿ ಹಿಂದೆ ಬಂತು. ಅಲ್ಲಿಗೆ ಕೈ ನಿಲ್ಲಿಸಿ. ವಸ್ತು ಕಾಯಿಲ್‌ನ ಮೂತಿಗೆ ಸರಿಯಾಗಿ ಎದುರು, ಅಂಚಿಗೆ ತಾಗಿಕೊಂಡೇ ಇರುತ್ತದೆ. ಯಂತ್ರದಿಂದ ಯಂತ್ರಕ್ಕೆ ಒಂದೆರಡು ಸೆಂಟಿಮೀಟರ್ ಹೆಚ್ಚುಕಮ್ಮಿ ಆಗಬಹುದು. ಮನೆಯ ಹಿತ್ತಲಲ್ಲಿ ಹುಲ್ಲಿನ ಮೇಲೆ ಒಂದು ನಾಣ್ಯ ಇಟ್ಟು ನಿಮ್ಮ ಯಂತ್ರ ಎಲ್ಲಿ ಸದ್ದು ಬಿಡುತ್ತದೆ ಎಂದು ಮೊದಲೇ ನೋಡಿಟ್ಟುಕೊಳ್ಳಬೇಕು. ಆಮೇಲೆ ಅದೇ ನಾಣ್ಯವನ್ನು ಹತ್ತು ಸೆಂಟಿಮೀಟರ್ ಹೂತು ಮತ್ತೆ ನೋಡಬೇಕು. ಆಳಕ್ಕೆ ಹೋದಂತೆ ಅಲಗು ಗಿಡ್ಡವಾಗುತ್ತದೆ, ಸದ್ದು ಮೂತಿಗೆ ಬರುವ ಮೊದಲೇ ಬಿಡುತ್ತದೆ. ಇದನ್ನು ಯಾವ ಕೈಪಿಡಿಯೂ ನಿಮ್ಮ ಕಿವಿಗೆ ಕಲಿಸಲಾರದು.

ಯಂತ್ರದಲ್ಲೇ ಪಿನ್‌ಪಾಯಿಂಟ್ ಗುಂಡಿ ಇದೆಯಲ್ಲ, ಅದನ್ನು ಒತ್ತಿದರೆ ಆಗದೇ ಎಂದು ಕೇಳುತ್ತಾರೆ. ಆಗುತ್ತದೆ, ಅದು ಏನು ಮಾಡುತ್ತದೆ ಎಂದು ಗೊತ್ತಿದ್ದರೆ. ಸಾಮಾನ್ಯವಾಗಿ ಯಂತ್ರ ಬದಲಾವಣೆಯನ್ನು ಮಾತ್ರ ಕೇಳಿಸಿಕೊಳ್ಳುತ್ತದೆ. ಕಾಯಿಲ್ ನಿಂತರೆ ಸದ್ದೂ ನಿಲ್ಲುತ್ತದೆ. ಗುಂಡಿ ಒತ್ತಿದಾಗ ಅದು ಬೇರೆ ಸ್ಥಿತಿಗೆ ಹೋಗುತ್ತದೆ. ಕಾಯಿಲ್ ಅಲ್ಲಾಡದಿದ್ದರೂ ಸದ್ದು ಬರುತ್ತದೆ, ಹತ್ತಿರ ಹೋದಷ್ಟೂ ಏರುತ್ತದೆ. ಆದರೆ ಒತ್ತಿದ ಗಳಿಗೆಯಲ್ಲಿ ಕಾಯಿಲ್ ಕೆಳಗೆ ಏನಿದೆಯೋ ಅದನ್ನೇ ಸೊನ್ನೆ ಎಂದು ಹಿಡಿಯುತ್ತದೆ. ವಸ್ತುವಿನ ಮೇಲೇ ನಿಂತು ಒತ್ತಿದರೆ ವಸ್ತುವೇ ಸೊನ್ನೆಯಾಗುತ್ತದೆ. ಹಾಗಾಗಿ ಪಕ್ಕದ ಖಾಲಿ ನೆಲದ ಮೇಲೆ, ಅದೇ ಎತ್ತರದಲ್ಲಿ ಕಾಯಿಲ್ ಹಿಡಿದು ಒತ್ತಿ, ಎತ್ತರ ಕೆಡದಂತೆ ವಸ್ತುವಿನ ಕಡೆ ಬರಬೇಕು. ಅನುಭವಿಗಳು ಇದೇ ಗುಣವನ್ನು ಇನ್ನೊಂದಕ್ಕೆ ಬಳಸುತ್ತಾರೆ. ಸದ್ದು ತುಂಬ ಅಗಲವಾಗಿದ್ದರೆ, ಅದರ ಅಂಚಿನ ಮೇಲೆ ಬಂದು ಗುಂಡಿ ಬಿಟ್ಟು ಮತ್ತೆ ಒತ್ತುತ್ತಾರೆ. ಅಂಚಿನಷ್ಟು ಸದ್ದು ಸೊನ್ನೆಯಾಗಿ, ನಡುವಿನದು ಮಾತ್ರ ಉಳಿಯುತ್ತದೆ. ಇನ್ನೊಮ್ಮೆ ಮಾಡಿದರೆ ಇನ್ನೂ ಸಣ್ಣದಾಗುತ್ತದೆ.

ಪರದೆಯ ಮೇಲೆ ಬರುವ ಆಳದ ಸಂಖ್ಯೆಯನ್ನು ನಾನು ಅಷ್ಟಾಗಿ ನಂಬುವುದಿಲ್ಲ. ವಸ್ತು ನಾಣ್ಯದಷ್ಟಿದೆ ಎಂದುಕೊಂಡು ಸಂಕೇತದ ಬಲದಿಂದ ಯಂತ್ರ ಹಾಕುವ ಲೆಕ್ಕ ಅದು. ಆಳದಲ್ಲಿರುವ ದೊಡ್ಡ ಡಬ್ಬಿಯೂ ಮೇಲಿರುವ ನಾಣ್ಯದ ಹಾಗೇ ಕಾಣಿಸಬಹುದು. ಕಾಯಿಲ್ ಮೆಲ್ಲಗೆ ಮೇಲೆತ್ತಿ ನೋಡುವುದು ಒಳ್ಳೆಯದು. ಮೊಣಕಾಲಿನ ತನಕ ಎತ್ತಿದರೂ ಸದ್ದು ಬಿಡದಿದ್ದರೆ ಅದು ನಾಣ್ಯ ಅಲ್ಲ.

ಕಾಯಿಲ್ ನೆಲಕ್ಕೆ ಸಮನಾಗಿರಬೇಕು ಎನ್ನುವುದು ಸಣ್ಣ ಮಾತು ಎನ್ನಿಸಬಹುದು. ಲೆಕ್ಕ ಹಾಕಿ ನೋಡಿ. ನೇಗಿಲ ಸಾಲಿನ ಮೇಲೆ ಕಾಯಿಲ್ 15 ಡಿಗ್ರಿ ವಾಲಿದೆ ಅಂದುಕೊಳ್ಳಿ. ಅಲಗೂ ಅಷ್ಟೇ ವಾಲುತ್ತದೆ. ವಸ್ತು 20 ಸೆಂಟಿಮೀಟರ್ ಆಳದಲ್ಲಿದ್ದರೆ ನೀವು ತೋರಿಸುವ ಜಾಗ ಸುಮಾರು 5 ಸೆಂಟಿಮೀಟರ್ ತಪ್ಪುತ್ತದೆ. ಸನಿಕೆಯ ಅಲಗು ನಾಣ್ಯಕ್ಕೆ ತಾಗಲು ಅಷ್ಟು ಸಾಕು. ಇಳಿಜಾರಿನಲ್ಲಿ ನಾನು ಮೊದಲು ಬೂಟಿನಿಂದ ಮಣ್ಣಿನ ಹೆಂಟೆಗಳನ್ನು ಮೆಟ್ಟಿ ಸಮ ಮಾಡಿಕೊಂಡು ಆಮೇಲೆ ಕೇಳುತ್ತೇನೆ.

ಮೊಳೆಗಳ ವಿಷಯ ಬೇರೆ. ಹಳೆಯ ಮನೆ, ಕೊಟ್ಟಿಗೆ ಇದ್ದ ಕಡೆ ಮಣ್ಣಿನ ತುಂಬ ತುಕ್ಕು ಹಿಡಿದ ಮೊಳೆ. ಮೊಳೆಯ ಉದ್ದಕ್ಕೆ ಬೀಸಿದರೆ ಎರಡು ಸದ್ದು ಬರುತ್ತದೆ, ಅಡ್ಡಕ್ಕೆ ಬೀಸಿದರೆ ಒಂದೇ. ಕೆಲವೊಮ್ಮೆ ಥೇಟ್ ಬೆಳ್ಳಿಯ ಸದ್ದನ್ನೇ ಕೊಡುತ್ತದೆ. ಆದರೆ ಕಾಲು ಸುತ್ತು ತಿರುಗಿ ಬೀಸಿದಾಗ ಆ ಸದ್ದು ಪಕ್ಕಕ್ಕೆ ಸರಿದಿರುತ್ತದೆ, ಇಲ್ಲವೇ ಮಾಯವಾಗಿರುತ್ತದೆ. ಮಲಗಿರುವ ನಾಣ್ಯ ಎಲ್ಲಿಂದ ಕೇಳಿದರೂ ಒಂದೇ ಜಾಗದಲ್ಲಿ ನಿಲ್ಲುತ್ತದೆ. ಅಂಚಿನ ಮೇಲೆ ನೆಟ್ಟಗೆ ನಿಂತ ನಾಣ್ಯ ಮಾತ್ರ ಈ ನಿಯಮಕ್ಕೆ ಬಗ್ಗುವುದಿಲ್ಲ. ಅದೂ ಕೆಲವೊಮ್ಮೆ ಎರಡಾಗಿ ಕೇಳಿಸುತ್ತದೆ. ಅನುಮಾನ ಇದ್ದರೆ ಅಗೆಯುವುದೇ ಸರಿ.

ಕಳೆದ ಶರತ್ಕಾಲದಲ್ಲಿ ಹಾಗೊಂದು ಸದ್ದು ಸಿಕ್ಕಿತು. ಹೆಡ್‌ಫೋನ್ ಇಲ್ಲದಿದ್ದರೆ ಕೇಳುತ್ತಲೇ ಇರಲಿಲ್ಲ. ಗಾಳಿ ಬೀಸುತ್ತಿತ್ತು. ಒಂದು ಕಡೆಯಿಂದ ಬೀಸಿದರೆ ಉಸಿರಿನಷ್ಟು ಸಣ್ಣದಾಗಿ ಕೇಳುತ್ತದೆ, ಇನ್ನೊಂದು ಕಡೆಯಿಂದಲೂ ಅಲ್ಲೇ. ಎರಡು ಗೆರೆ ಕೂಡಿದ ಜಾಗದಿಂದ ಸುತ್ತಲೂ ಒಂದು ಗೇಣು ಬಿಟ್ಟು ಮೂರು ಕಡೆ ಸನಿಕೆ ಊರಿದೆ. ನಾಲ್ಕನೆಯ ಕಡೆ ಬೇರು ಹಾಗೇ ಬಿಟ್ಟು ಮಣ್ಣಿನ ಹೆಂಟೆಯನ್ನು ಮುಚ್ಚಳದ ಹಾಗೆ ಮಗುಚಿದೆ. ಕೈಯಲ್ಲಿ ಹಿಡಿಯುವ ಪುಟ್ಟ ಪಿನ್‌ಪಾಯಿಂಟರ್ ಕೋಲನ್ನು ಮೊದಲು ಮಗುಚಿದ ಹೆಂಟೆಗೆ ತೋರಿಸಿದೆ. ಸುಮ್ಮನಿತ್ತು. ಗುಂಡಿಯ ಗೋಡೆಗೂ ಸುಮ್ಮನೆ. ತಳಕ್ಕೆ ಇಟ್ಟಾಗ ನಡುಗಿತು. ಇನ್ನು ಸನಿಕೆ ಬೇಡ. ಬೆರಳಿನಿಂದ ಜೇಡಿಮಣ್ಣನ್ನು ಚೂರು ಚೂರೇ ಬಿಡಿಸಿದೆ. ಒಂದು ಚೂರಿನ ಮೈಯಲ್ಲಿ ಬೂದು ಬಣ್ಣದ ನೇರ ಅಂಚು ಕಾಣಿಸಿತು. ಅರ್ಧ ಚಂದ್ರದ ಆಕಾರ.

ಅದು ಕತ್ತರಿಸಿದ ಅರ್ಧ ಪೆನ್ನಿ. 1247ರಲ್ಲಿ ಮೂರನೆಯ ಹೆನ್ರಿಯ ಕಾಲದಲ್ಲಿ ಬಂದ ಪೆನ್ನಿಯ ಹಿಂಬದಿಯಲ್ಲಿ ಅಂಚಿನ ತನಕ ಚಾಚಿದ ಒಂದು ಶಿಲುಬೆ ಇರುತ್ತದೆ. ಆಗ ಚಿಲ್ಲರೆ ನಾಣ್ಯ ಇರಲಿಲ್ಲ. ಅರ್ಧ ಬೇಕೆಂದರೆ ಶಿಲುಬೆಯ ಗೆರೆ ಹಿಡಿದು ನಾಣ್ಯವನ್ನೇ ಕತ್ತರಿಸುತ್ತಿದ್ದರು, ಕಾಲು ಬೇಕೆಂದರೆ ಇನ್ನೊಮ್ಮೆ. 1279ರಲ್ಲಿ ಮೊದಲನೆಯ ಎಡ್ವರ್ಡ್ ಹೊಸ ನಾಣ್ಯ ತಂದು, ದುಂಡನೆಯ ಚಿಲ್ಲರೆ ಟಂಕಿಸಲು ಶುರು ಮಾಡಿದ ಮೇಲೆ ಈ ಪದ್ಧತಿ ನಿಂತಿತು. ನನ್ನ ಅಂಗೈಯಲ್ಲಿದ್ದದ್ದರ ತೂಕ ಮುಕ್ಕಾಲು ಗ್ರಾಂ ಕೂಡ ಇರಲಾರದು. ಕತ್ತರಿ ಹಾಕಿದವನ ಕೈ ಒಂದೆಡೆ ಸ್ವಲ್ಪ ಜಾರಿ ಗೆರೆ ಸೊಟ್ಟಗಾದದ್ದು ಈಗಲೂ ಕಾಣುತ್ತಿತ್ತು. ಇಂಥದ್ದು ಸಿಕ್ಕಾಗ ಹೆಬ್ಬೆರಳಿನಿಂದ ಉಜ್ಜಿ ನೋಡುವ ಆಸೆ ಎಲ್ಲರಿಗೂ ಬರುತ್ತದೆ. ದಯವಿಟ್ಟು ಉಜ್ಜಬೇಡಿ. ಮಣ್ಣಿನ ಮರಳು ಬೆಳ್ಳಿಯ ಮೇಲೆ ಗೀರು ಎಳೆಯುತ್ತದೆ.

ಈ ವಿದ್ಯೆ ಶುರುವಾದದ್ದು ನಾಣ್ಯಕ್ಕಾಗಿ ಅಲ್ಲ. 1881ರ ಜುಲೈ 2ರಂದು ವಾಷಿಂಗ್ಟನ್ನಿನ ರೈಲು ನಿಲ್ದಾಣದಲ್ಲಿ ಅಮೆರಿಕದ ಅಧ್ಯಕ್ಷ ಜೇಮ್ಸ್ ಗಾರ್ಫೀಲ್ಡ್ ಮೇಲೆ ಗುಂಡು ಹಾರಿತು. ಬೆನ್ನಿಗೆ ಬಿದ್ದ ಗುಂಡು ಒಳಗೇ ಉಳಿಯಿತು. ಎಕ್ಸ್ ರೇ ಇನ್ನೂ ಬಂದಿರಲಿಲ್ಲ. ವೈದ್ಯರು ತೊಳೆಯದ ಬೆರಳು, ತೊಳೆಯದ ಸಲಕರಣೆಗಳನ್ನು ಗಾಯದೊಳಗೆ ತೂರಿಸಿ ಹುಡುಕಿದರು. ಆಗ ಮುಂದೆ ಬಂದವರು ಟೆಲಿಫೋನಿನ ಅಲೆಕ್ಸಾಂಡರ್ ಗ್ರಹಾಂ ಬೆಲ್. ಎರಡು ಸುರುಳಿಗಳನ್ನು ಒಂದಕ್ಕೊಂದು ತೂಗಿಸಿ, ನಡುವೆ ಲೋಹ ಬಂದರೆ ಟೆಲಿಫೋನಿನ ಕಿವಿಯಲ್ಲಿ ಸದ್ದು ಬರುವಂತೆ ಒಂದು ಸಾಧನ ಸಿದ್ಧಮಾಡಿದರು. ನಾವು ಇಂದು ಬಳಸುವುದರ ತತ್ವವೂ ಹೆಚ್ಚುಕಮ್ಮಿ ಇದೇ. ಅಂತರ್ಯುದ್ಧದಲ್ಲಿ ಗುಂಡು ತಗುಲಿ, ಅದನ್ನು ಮೈಯಲ್ಲೇ ಹೊತ್ತಿದ್ದ ಮಾಜಿ ಸೈನಿಕರ ಮೇಲೆ ಪರೀಕ್ಷಿಸಿದಾಗ ಅದು ಕೆಲಸ ಮಾಡಿತು.

ಜುಲೈ 26ರಂದು ಶ್ವೇತಭವನದಲ್ಲಿ ಒಮ್ಮೆ ಹುಡುಕಿದರು, ಆಗಸ್ಟ್ 1ರಂದು ಇನ್ನೊಮ್ಮೆ. ಎರಡನೆಯ ಸಲ ಸದ್ದು ಬಂತು. ಆದರೆ ಸಣ್ಣದಾಗಿ, ಅಗಲವಾದ ಜಾಗದಲ್ಲೆಲ್ಲ ಬಂತು. ಎಲ್ಲೂ ಅಂಚು ಇರಲಿಲ್ಲ. ಅಧ್ಯಕ್ಷರು ಮಲಗಿದ್ದ ಹಾಸಿಗೆಯಲ್ಲೇ ಉಕ್ಕಿನ ತಂತಿಗಳಿವೆ ಎಂದು ಆಮೇಲೆ ತಿಳಿಯಿತು. ಇನ್ನೊಂದು ತೊಡಕೂ ಇತ್ತು. ಮುಖ್ಯ ವೈದ್ಯ ವಿಲ್ಲರ್ಡ್ ಬ್ಲಿಸ್ ಗುಂಡು ಬಲಗಡೆ ಇದೆ ಎಂದು ಮೊದಲೇ ತೀರ್ಮಾನಿಸಿದ್ದರು. ಹುಡುಕಾಟ ಬಲಗಡೆಗೇ ಸೀಮಿತವಾಯಿತು. ಸೆಪ್ಟೆಂಬರ್ 19ರಂದು ಗಾರ್ಫೀಲ್ಡ್ ತೀರಿಕೊಂಡರು. ಶವಪರೀಕ್ಷೆಯಲ್ಲಿ ಗುಂಡು ಸಿಕ್ಕಿದ್ದು ಎಡಗಡೆ. ಅವರನ್ನು ಕೊಂದದ್ದು ಗುಂಡಿಗಿಂತ ಹೆಚ್ಚಾಗಿ ಹುಡುಕಾಟದಿಂದ ಹತ್ತಿದ ನಂಜು ಎಂದೇ ಇಂದಿನ ವೈದ್ಯರಲ್ಲಿ ಹೆಚ್ಚಿನವರ ಅಭಿಪ್ರಾಯ. ಈ ಕಥೆ ನೆನಪಾದಾಗಲೆಲ್ಲ ಹೊಟ್ಟೆ ಕಿವುಚುತ್ತದೆ. ಅಗಲವಾದ ಸದ್ದು ಜಾಗ ಹೇಳುವುದಿಲ್ಲ. ಒಂದೇ ಬದಿಯಿಂದ ಕೇಳಿದರೆ ಅಂಚು ಸಿಗುವುದಿಲ್ಲ. ಅಂಚು ಸಿಗದೆ ಬೆರಳು ಹಾಕಿದರೆ ಹೀಗಾಗುತ್ತದೆ.

ಅಂಚಿಗೆ ಅತಿ ಹೆಚ್ಚು ಬೆಲೆ ಕೊಡುವವರು ನೆಲಬಾಂಬ್ ತೆಗೆಯುವವರು. ಎರಡನೆಯ ಮಹಾಯುದ್ಧದಲ್ಲಿ ಸ್ಕಾಟ್ಲೆಂಡಿನಲ್ಲಿದ್ದ ಪೋಲೆಂಡಿನ ಸೈನ್ಯಾಧಿಕಾರಿ ಯುಝೆಫ್ ಕೊಸಾಟ್ಸ್ಕಿ ಒಬ್ಬರೇ ಹೊತ್ತು ನಡೆಯಬಹುದಾದ ಡಿಟೆಕ್ಟರ್ ರೂಪಿಸಿದರು. ಅದರ ಹಕ್ಕಿಗಾಗಿ ಹಣ ಕೇಳದೆ ಬ್ರಿಟಿಷ್ ಸೈನ್ಯಕ್ಕೆ ಕೊಟ್ಟರು. 1942ರಲ್ಲಿ ಈಜಿಪ್ಟಿನ ಎಲ್ ಅಲಮೈನ್ ಕದನದಲ್ಲಿ ಮರುಭೂಮಿಯ ಬಾಂಬು ಹೂತ ನೆಲ ದಾಟಲು 500 ಡಿಟೆಕ್ಟರ್‌ಗಳು ಬಳಕೆಯಾದವು. ಇಂದಿಗೂ ಬಾಂಬು ತೆಗೆಯುವವರು ಸದ್ದಿನ ನಡುವನ್ನು ಮುಟ್ಟುವುದಿಲ್ಲ. ಬೇರೆಬೇರೆ ದಿಕ್ಕಿನಿಂದ ಕೇಳಿ ಸದ್ದು ಶುರುವಾಗುವ ಅಂಚುಗಳನ್ನು ಗುರುತು ಮಾಡುತ್ತಾರೆ. ಅಲ್ಲಿಂದ ಒಂದು ಗೇಣು ಈಚೆ ಕೂತು, ನೆಲ ಚುಚ್ಚಿ ನೋಡುವ ಕಡ್ಡಿಯನ್ನು 30 ಡಿಗ್ರಿಯಷ್ಟು ಓರೆಯಾಗಿ ಹಿಡಿದು, ಪಕ್ಕದಿಂದ ಮೆಲ್ಲಗೆ ಬರುತ್ತಾರೆ. ಮೇಲಿನಿಂದ ಒತ್ತಿದರೆ ಸಿಡಿಯುತ್ತದೆ. ಕೆಲವು ಬಾಂಬುಗಳಲ್ಲಿ ಲೋಹ ಅಂತ ಇರುವುದು ಒಂದು ಸಣ್ಣ ಪಿನ್ ಅಷ್ಟೇ. ಅವರ ತಾಳ್ಮೆಗೆ ಕೈಮುಗಿಯಬೇಕು.

ನಮ್ಮ ಸಫೋಕ್‌ನಲ್ಲೇ ಆದ ಒಂದು ಘಟನೆ ಹೇಳದಿದ್ದರೆ ಈ ಬರಹ ಅರ್ಧವಾಗುತ್ತದೆ. 1992ರ ನವೆಂಬರ್ 16. ಹಾಕ್ಸನ್ ಎಂಬ ಹಳ್ಳಿಯಲ್ಲಿ ಒಬ್ಬ ರೈತರ ಸುತ್ತಿಗೆ ಹೊಲದಲ್ಲಿ ಕಳೆದುಹೋಗಿತ್ತು. ಹುಡುಕಿಕೊಡು ಎಂದು ಎರಿಕ್ ಲಾಸ್ ಎಂಬ ಸ್ನೇಹಿತರನ್ನು ಕರೆದರು. ಅವರ ಡಿಟೆಕ್ಟರಿಗೆ ಸಿಕ್ಕಿದ್ದು ರೋಮನ್ನರ ಕಾಲದ ಚಿನ್ನ, ಬೆಳ್ಳಿ. ಒಂದಿಷ್ಟು ಹೊರಗೆ ತೆಗೆದ ಮೇಲೆ ಲಾಸ್ ಕೈ ನಿಲ್ಲಿಸಿದರು. ಉಳಿದದ್ದನ್ನು ಮುಟ್ಟದೆ ಅಧಿಕಾರಿಗಳಿಗೆ ತಿಳಿಸಿದರು. ಮರುದಿನ ಪುರಾತತ್ವ ತಜ್ಞರು ಬಂದು ನೆಲವನ್ನು ಪದರ ಪದರವಾಗಿ ಬಿಡಿಸಿದರು. ಸುಮಾರು 15,000 ನಾಣ್ಯ, ಚಿನ್ನದ ಒಡವೆ, ಬೆಳ್ಳಿ ಚಮಚಗಳು. ಕೊಳೆತುಹೋದ ಮರದ ಪೆಟ್ಟಿಗೆಯ ಆಕಾರ, ಯಾವುದರ ಪಕ್ಕ ಯಾವುದನ್ನು ಜೋಡಿಸಿಟ್ಟಿದ್ದರು ಎನ್ನುವುದು, ಎಲ್ಲ ತಿಳಿಯಿತು. ಎಲ್ಲವೂ ಇದ್ದಲ್ಲೇ ಇತ್ತಲ್ಲ, ಅದಕ್ಕೇ ತಿಳಿಯಿತು. ಅದರಲ್ಲಿ ಹೆಂಗಸಿನ ಆಕಾರದ ಒಂದು ಬೆಳ್ಳಿಯ ಮೆಣಸಿನ ಕುಡಿಕೆ ಇದೆ. ರೋಮಿಗೆ ಮೆಣಸು ಹೋಗುತ್ತಿದ್ದುದು ನಮ್ಮ ದಕ್ಷಿಣ ಭಾರತದ ಪಶ್ಚಿಮ ಕರಾವಳಿಯಿಂದ. ಬ್ರಿಟಿಷ್ ಮ್ಯೂಸಿಯಮ್‌ನಲ್ಲಿ ಅದರ ಮುಂದೆ ನಿಂತಾಗ ಕಾಲು ಅಲ್ಲಿಂದ ಕದಲುವುದೇ ಇಲ್ಲ. ಆ ಸುತ್ತಿಗೆಯೂ ಸಿಕ್ಕಿತು. ಅದೂ ಈಗ ಆ ಮ್ಯೂಸಿಯಮ್‌ಗೇ ಸೇರಿದೆ.

ಊರಿಗೆ ಫೋನ್ ಮಾಡಿದಾಗ, ನಿಧಿ ಸಿಕ್ಕಿತಾ ಎಂದು ಕೇಳುತ್ತಾರೆ. ನಮ್ಮಲ್ಲಿ ಡಿಟೆಕ್ಟರ್ ಹವ್ಯಾಸವಾಗಿ ಬೆಳೆದಿಲ್ಲ. 1878ರ ಭಾರತೀಯ ನಿಧಿ ಕಾಯ್ದೆ ನೆಲದಲ್ಲಿ ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ನಿಧಿ ಸಿಕ್ಕರೆ ಕಲೆಕ್ಟರಿಗೆ ತಿಳಿಸಬೇಕು ಎನ್ನುತ್ತದೆ. ಆದರೂ ನಿಧಿಗಳ್ಳರು ರಾತ್ರೋರಾತ್ರಿ ಹಳೆಯ ಗುಡಿಗಳ ಗರ್ಭಗುಡಿ ಅಗೆದ ಸುದ್ದಿ ಪೇಪರಿನಲ್ಲಿ ಬರುತ್ತಲೇ ಇರುತ್ತದೆ. 2019ರ ಜುಲೈನಲ್ಲಿ ಆನೆಗೊಂದಿಯ ನವಬೃಂದಾವನದಲ್ಲಿ ವ್ಯಾಸರಾಯರ ಬೃಂದಾವನವನ್ನೇ ಕಿತ್ತುಹಾಕಿದರು. ಒಳಗೆ ನಿಧಿ ಇದೆ ಎಂಬ ಬರೀ ನಂಬಿಕೆಯ ಮೇಲೆ, ತುಂಗಭದ್ರೆಯ ನಡುಗಡ್ಡೆಯಲ್ಲಿ ಐದು ಶತಮಾನ ಹತ್ತಿರ ಹತ್ತಿರ ನಿಂತಿದ್ದ ಕಲ್ಲು ಒಂದೇ ರಾತ್ರಿಯಲ್ಲಿ ಚೆಲ್ಲಾಪಿಲ್ಲಿಯಾಯಿತು. ಭಕ್ತರು ಸೇರಿ ಬೇಗನೆ ಮತ್ತೆ ನಿಲ್ಲಿಸಿದರು. ಆ ಫೋಟೋಗಳನ್ನು ನೋಡಿದಾಗ ಆದ ಸಂಕಟ ನನಗೆ ಇನ್ನೂ ಹೋಗಿಲ್ಲ. ನಿಧಿ ಸಿಕ್ಕಿತಾ ಎಂದು ಕೇಳುವವರಿಗೆ ನಾನು ಈಗ ಅರ್ಧ ಪೆನ್ನಿಯ ಕಥೆ ಪೂರ್ತಿ ಹೇಳುತ್ತೇನೆ. ಸಮಾಧಾನವಾಗಿ ಕೇಳುತ್ತಾರೆ.

ಇಂಗ್ಲೆಂಡಿನಲ್ಲಿ 1996ರ ಟ್ರೆಷರ್ ಕಾಯ್ದೆ ಇದೆ. 300 ವರ್ಷಕ್ಕಿಂತ ಹಳೆಯ ಚಿನ್ನ, ಬೆಳ್ಳಿಯ ವಸ್ತು ಸಿಕ್ಕರೆ, ಅಥವಾ ಅಂಥ ನಾಣ್ಯಗಳು ಒಂದೇ ಕಡೆ ಎರಡು ಸಿಕ್ಕರೂ, 14 ದಿನದೊಳಗೆ ಕೊರೋನರ್ ಎಂಬ ಅಧಿಕಾರಿಗೆ ತಿಳಿಸಬೇಕು. ಒಂಟಿ ನಾಣ್ಯ ಸಾಮಾನ್ಯವಾಗಿ ಈ ಲೆಕ್ಕಕ್ಕೆ ಬರುವುದಿಲ್ಲ. ಅಂಥದ್ದನ್ನು ಪೋರ್ಟಬಲ್ ಆಂಟಿಕ್ವಿಟೀಸ್ ಸ್ಕೀಮ್ ಎಂಬ ವ್ಯವಸ್ಥೆಯಲ್ಲಿ ನಾವಾಗಿಯೇ ದಾಖಲಿಸುತ್ತೇವೆ. ಹೀಗೆ ಸಿಕ್ಕಿದ್ದನ್ನು ದಾಖಲಿಸಿಕೊಳ್ಳಲು ಪ್ರತಿ ಪ್ರದೇಶಕ್ಕೂ ಒಬ್ಬ ಫೈಂಡ್ಸ್ ಲಿಯೇಸಾನ್ ಆಫೀಸರ್ ಇರುತ್ತಾರೆ. ನಾಣ್ಯ ಎಷ್ಟು ಚೆನ್ನಾಗಿದೆ ಎನ್ನುವುದಕ್ಕಿಂತ ಎಲ್ಲಿ ಸಿಕ್ಕಿತು ಎನ್ನುವುದೇ ಅವರಿಗೆ ಹೆಚ್ಚು ಬೇಕು. ಹೊಲದ ಹೆಸರು ಹೇಳಿದರೆ ಸಾಲದು. ಇಲ್ಲಿನ ಆರ್ಡ್‌ನೆನ್ಸ್ ಸರ್ವೆ ನಕ್ಷೆಯ ಗ್ರಿಡ್ ಸಂಖ್ಯೆ ಬೇಕು. ಆರು ಅಂಕಿ ಕೊಟ್ಟರೆ 100 ಮೀಟರ್ ಚೌಕ, ಎಂಟು ಅಂಕಿ ಕೊಟ್ಟರೆ 10 ಮೀಟರ್, ಹತ್ತು ಅಂಕಿಗೆ ಒಂದು ಮೀಟರ್ ಚೌಕ. ಒಂದೇ ಹೊಲದಲ್ಲಿ ಹತ್ತಾರು ವರ್ಷ ಬೇರೆಬೇರೆಯವರು ಕೊಟ್ಟ ಸಂಖ್ಯೆಗಳನ್ನು ನಕ್ಷೆಯ ಮೇಲೆ ಇಟ್ಟಾಗ, ಯಾರಿಗೂ ಗೊತ್ತಿಲ್ಲದ ಒಂದು ಹಳೆಯ ಸಂತೆಯೋ ಕಾಲುದಾರಿಯೋ ಚುಕ್ಕಿಗಳಲ್ಲಿ ಎದ್ದು ಕಾಣಬಹುದು.

ಹಾಗಾಗಿ ಗುಂಡಿ ಮುಚ್ಚುವ ಮೊದಲೇ, ಮೊಣಕಾಲೂರಿ ಕೂತಲ್ಲೇ ಫೋನಿನಲ್ಲಿ ಹತ್ತು ಅಂಕಿ ನೋಡಿ ಬರೆದುಕೊಳ್ಳಿ. ಸುಮಾರು ಎಷ್ಟು ಆಳ ಎಂಬುದನ್ನೂ ಬರೆಯಿರಿ. ಪೆನ್ಸಿಲ್ ಬಳಸಿ, ಪೆನ್ನು ಒದ್ದೆಯಾದರೆ ಹರಡುತ್ತದೆ. ಚೀಟಿಯನ್ನು ಚೀಲದ ಹೊರಗೆ ಅಂಟಿಸಬೇಡಿ. ವಸ್ತುವಿನ ಜೊತೆ ಚೀಲದ ಒಳಗೇ ಹಾಕಿ.